ಹುಂಜದ ಬಾಲ ಹಿಡಿದು ಜಪಾನಿನಲ್ಲಿ

ಡೊಂಬಿವಲಿ

ಒಂದು ಹುಂಜವನ್ನು ನೋಡಲು ಜಪಾನಿಗೆ ಹೊರಟಿದ್ದೇವೆ ಎಂದರೆ ನಮ್ಮ ಸೊಸೈಟಿಯಲ್ಲಿ ಯಾರೂ ನಂಬಲಿಲ್ಲ. ಎರಡನೇ ಮಹಡಿಯ ಕುಲಕರ್ಣಿ ಬಾಯಿ ಲಿಫ್ಟಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿ, "ಕೋಂಬಡಾ ಬಘಾಯ್‌ಲಾ? ಆಪಲ್ಯಾ ಕಲ್ಯಾಣ್ ಮಾರ್ಕೆಟ್‌ಮಧೇ ನಾಹೀತ್ ಕಾ?" ಎಂದರು. ಹುಂಜ ನೋಡುವುದಕ್ಕೆ ಕಲ್ಯಾಣದ ಮಾರ್ಕೆಟ್ಟು ಸಾಲದೇ ಎಂದು ಅವರ ಪ್ರಶ್ನೆ.

"ಈ ಹುಂಜದ ಬಾಲ ನಿಮ್ಮ ಒಂಬತ್ತು ಗಜದ ನೌವಾರಿ ಸೀರೆಗಿಂತ ಉದ್ದ" ಎಂದೆ. ತಮ್ಮ ಮಹಡಿ ದಾಟಿ ಹೋದದ್ದೂ ಅವರಿಗೆ ತಿಳಿಯಲಿಲ್ಲ. ನಾಲ್ಕನೆಯದರಲ್ಲಿ ಇಳಿದು ಮೆಟ್ಟಿಲ ಮೇಲೆ ವಾಪಸು ಹೋದರು.

ಇದಕ್ಕೆಲ್ಲ ಕಾರಣ ನಮ್ಮ ಮಗಳ ಮಗಳು ಸ್ನೇಹಲ್. ನೆರೂಳಿನಲ್ಲಿ ಹುಟ್ಟಿ ಬೆಳೆದವಳು. ನಾವು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರಿಸುತ್ತಾಳೆ, ಕೋಪ ಬಂದರೆ ಮರಾಠಿಯಲ್ಲಿ. ಆಗ ಅವಳು ಜಪಾನಿನ ಕೊಚಿ ಎಂಬ ಊರಿನಲ್ಲಿ ಕೋಳಿಯ ಗರಿಗಳ ಮೇಲೆ ರಿಸರ್ಚ್ ಮಾಡುತ್ತಿದ್ದಳು. ಎಲ್ಲ ಕೋಳಿಗಳೂ ವರ್ಷಕ್ಕೊಮ್ಮೆ ಹಳೆಯ ಗರಿ ಉದುರಿಸಿ ಹೊಸತು ತೊಡುತ್ತವೆ. ಆ ಊರಿನ ಒನಗದೊರಿ ಎಂಬ ತಳಿಯ ಹುಂಜಕ್ಕೆ ಮಾತ್ರ ಬಾಲದ ಗರಿ ಉದುರಿಸುವುದು ಮರೆತುಹೋಗಿದೆ. ಅದು ಬೆಳೆಯುತ್ತಲೇ ಇರುತ್ತದೆ, ವರ್ಷಕ್ಕೆ ಹತ್ತಿರ ಹತ್ತಿರ ಒಂದು ಮೀಟರ್. ಹಾಗೆ ಮರೆಯುವುದು ಹೇಗೆ ಎಂಬುದೇ ಇವಳ ಪ್ರಶ್ನೆ. ಉತ್ತರ ಆ ಹುಂಜದ ನಾಲ್ಕು ಹನಿ ರಕ್ತದಲ್ಲಿತ್ತು. ಹುಂಜ ಒಕಾಮುರಾ ಎಂಬ ಮುದುಕರ ಮನೆಯಲ್ಲಿತ್ತು.

ಹದಿನಾಲ್ಕು ತಿಂಗಳು ಪ್ರತಿ ಭಾನುವಾರ ಇವಳು ಅವರ ಕೋಳಿಗೂಡು ಗುಡಿಸಿದ್ದಳು. ತನ್ನ ರೂಮಿನ ಕಸ ಎಂದೂ ಗುಡಿಸದ ಹುಡುಗಿ! ರಕ್ತದ ಮಾತು ತೆಗೆದರೆ ಅವರು "ಯೋಚಿಸೋಣ" ಎನ್ನುತ್ತಿದ್ದರು. ಗಾಬರಿಗೊಂಡ ಹುಂಜ ಬಾಲ ಉದುರಿಸಿಬಿಟ್ಟರೆ ಹನ್ನೊಂದು ವರ್ಷದ ಸಾಕಣೆ ನೆಲಕ್ಕೆ ಬಿದ್ದಂತೆ ಎಂಬ ಭಯ ಅವರಿಗೆ. ಕೊನೆಗೊಂದು ದಿನ, "ನಿನ್ನ ಮನೆಯ ಹಿರಿಯರನ್ನು ನೋಡದೆ ಹೇಗೆ ಹೇಳಲಿ?" ಎಂದರಂತೆ. ಅಳಿಯನಿಗೆ ರಜೆ ಇಲ್ಲ. ಮಗಳ ಶಾಲೆಯಲ್ಲಿ ಎಕ್ಸಾಮು. ಉಳಿದವರು ನಾವಿಬ್ಬರು.

"ಅಜ್ಜಿ, ಆಪ್ ದೋನೋ ಆಓ" ಎಂದು ಫೋನಿನಲ್ಲಿ ಹೇಳಿದಳು. "ಲೇಕಿನ್ ಅಜ್ಜ ಕೋ ಸಂಭಾಲ್‌ನಾ. ಅವರು ಓನ್ಲಿ ಸ್ಮೈಲ್ ಮಾಡ್ಬೇಕು. ಬಸ್."

ಅವಳ ಭಯ ಸುಳ್ಳಲ್ಲ. ನಮ್ಮವರು ಕಲ್ಯಾಣದಲ್ಲಿ ನಲವತ್ತು ವರ್ಷ ಹೋಟೆಲು ನಡೆಸಿ, ಈಗ ತಮ್ಮನ ಮಕ್ಕಳಿಗೆ ಒಪ್ಪಿಸಿ ಕೂತವರು. ದೇಹ ಕಲ್ಯಾಣದ ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದರೂ ಮನಸ್ಸು ಬಂಟ್ವಾಳದ ಕಡೆಯ ಕೋಳಿ ಅಂಕದ ಗದ್ದೆಯಲ್ಲೇ. ಯಾವ ಬಣ್ಣದ ಹುಂಜ ಯಾವ ವಾರ ಯಾವ ಗಳಿಗೆಯಲ್ಲಿ ಗೆಲ್ಲುತ್ತದೆ ಎಂಬ ಕೋಳಿ ಪಂಚಾಂಗ ಅವರಿಗೆ ಬಾಯಿಪಾಠ. ಬಿಳಿಯದು ಬೊಳ್ಳೆ, ಕಪ್ಪನೆಯದು ಕಕ್ಕೆ, ಹೀಗೆ ತುಳುವಿನಲ್ಲಿ ಒಂದೊಂದು ಗರಿಯ ಬಣ್ಣಕ್ಕೂ ಒಂದೊಂದು ಹೆಸರು. ಹೊಸದಾಗಿ ಮದುವೆಯಾದಾಗ ಡೊಂಬಿವಲಿಯ ಮನೆಯ ಬಾಲ್ಕನಿಯಲ್ಲಿ ಒಂದು ಬೊಳ್ಳೆಯನ್ನು ತಂದು ಕಟ್ಟಿದರು. ಹನ್ನೆರಡನೆಯ ದಿನ ಸೊಸೈಟಿಯ ಮೀಟಿಂಗು ಕರೆದರು. ಮಂಗಳೂರಿನ ಕಾನ್ವೆಂಟಿನಲ್ಲಿ ಟೇಬಲ್ ಮ್ಯಾನರ್ಸ್ ಕಲಿತು ಬಂದಿದ್ದ ನಾನು ಆ ಮೀಟಿಂಗಿನಲ್ಲಿ ಎದ್ದು ನಿಂತು ಹುಂಜದ ಪರವಾಗಿ ಇಂಗ್ಲಿಷಿನಲ್ಲಿ ಭಾಷಣ ಮಾಡಿದೆ. ಸೋತೆವು. ಆದರೆ ಇವರು ನನ್ನನ್ನು ಮೊದಲ ಸಲ ಸರಿಯಾಗಿ ನೋಡಿದ್ದು ಅಂದೇ ಎಂದು ನನ್ನ ಅಂದಾಜು.

ಒಸಾಕಾ ವಿಮಾನ ನಿಲ್ದಾಣ

ವಿಮಾನದ ವಿಷಯ ಬಿಡಿ, ಎಲ್ಲರ ವಿಮಾನವೂ ಒಂದೇ. ಇಳಿದ ಮೇಲೆ ಒಂದು ಪುಟ್ಟ ನಾಯಿ ಬಂದು ನಮ್ಮವರ ಚೀಲದ ಪಕ್ಕ ಬಹಳ ಸಭ್ಯವಾಗಿ ಕುಳಿತುಕೊಂಡಿತು. ಅಷ್ಟು ಶಿಸ್ತಿನ ನಾಯಿಯನ್ನು ನಾನು ಕಂಡಿರಲಿಲ್ಲ. ಇವರು "ಬಾ ಬಾ" ಎಂದು ತಲೆ ಸವರಲು ಹೋದರು. ಅದು ಡ್ಯೂಟಿಯಲ್ಲಿತ್ತು.

ಚೀಲದಲ್ಲಿ ಸಿಕ್ಕಿದ್ದು ಕೋರಿ ರೊಟ್ಟಿಯ ಎರಡು ಪ್ಯಾಕೆಟ್. ಕೋಳಿ ಸಾರಿಗೆ ಮುರಿದು ಹಾಕಿಕೊಳ್ಳುವ, ಹಪ್ಪಳದ ಹಾಗೆ ಗರಿಗರಿಯಾದ ಅಕ್ಕಿ ರೊಟ್ಟಿ. ಅದರಲ್ಲಿ ಅಕ್ಕಿ, ಉಪ್ಪು ಬಿಟ್ಟರೆ ಬೇರೇನೂ ಇಲ್ಲ. ಆದರೆ ಪ್ಯಾಕೆಟ್ಟಿನ ಮೇಲೆ ಕೆಂಪು ಜುಟ್ಟಿನ ಒಂದು ದೊಡ್ಡ ಹುಂಜದ ಚಿತ್ರ. ಹಕ್ಕಿಜ್ವರದ ಹೆದರಿಕೆಯಿಂದ ಕೋಳಿಯ ಹೆಸರು ಕೇಳಿದರೇ ಬೆಚ್ಚುವ ದೇಶ ಅದು. ಬಿಳಿ ಕೈಗವಸು ತೊಟ್ಟ ಆಫೀಸರು ಚಿತ್ರದ ಮೇಲೆ ಬೆರಳಿಟ್ಟು, "ಚಿಕನ್?" ಎಂದರು.

"ನೋ ಚಿಕನ್, ಸರ್. ಓನ್ಲಿ ರೈಸ್" ಎಂದೆ.

ಅವರು ಮತ್ತೆ ಚಿತ್ರ ತೋರಿಸಿದರು. "ಚಿಕನ್."

"ದಟ್ ಈಸ್ ಹೋಪ್, ಸರ್" ಎಂದೆ. ಬೇರೆ ಹೇಗೆ ವಿವರಿಸುವುದು?

ಮೂವರು ಆಫೀಸರುಗಳು ಸೇರಿ ರೊಟ್ಟಿಯನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿದರು. ಒಬ್ಬರು ಒಂದು ತುಂಡನ್ನು ಮೂಸಿದರು. ಕೊನೆಗೆ ಬಾಗಿ ವಂದಿಸಿ, ಚಿತ್ರದ ಕವರನ್ನು ಇಟ್ಟುಕೊಂಡು, ರೊಟ್ಟಿಯನ್ನು ಬೇರೊಂದು ಚೀಲಕ್ಕೆ ತುಂಬಿ ಹಿಂತಿರುಗಿಸಿದರು. "ಹುಂಜವನ್ನು ಹಿಡಿದುಕೊಂಡು ರೊಟ್ಟಿ ಬಿಟ್ಟರಲ್ಲ ಮಾರಾಯ್ತಿ!" ಎಂದು ಇವರು ದಾರಿಯುದ್ದಕ್ಕೂ ನಗುತ್ತಿದ್ದರು.

ಕೊಚಿಯ ಬಸ್ಸು

ಸ್ನೇಹಲ್ ಒಸಾಕಾಕ್ಕೇ ಬಂದು ನಮ್ಮನ್ನು ಬಸ್ಸಿನಲ್ಲಿ ಕೂರಿಸಿದಳು. ಐದು ಗಂಟೆಯ ದಾರಿ. ಸಮುದ್ರದ ಮೇಲೆ ದೊಡ್ಡ ದೊಡ್ಡ ಸೇತುವೆಗಳು. ಬಸ್ಸು ತುಂಬ ಜನ, ಆದರೆ ಯಾರೂ ಮಾತಾಡುವುದಿಲ್ಲ. ನಮ್ಮ ಡೊಂಬಿವಲಿಯ ಬೆಳಗಿನ ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ಅಷ್ಟು ಹೊತ್ತಿಗೆ ಎರಡು ನಿಶ್ಚಿತಾರ್ಥ, ಒಂದು ಜಗಳ ಮತ್ತು ಅರ್ಧ ಕಿಲೋ ಬೀನ್ಸ್ ಬಿಡಿಸುವುದು ಮುಗಿದಿರುತ್ತಿತ್ತು. ಮೌನ ತಡೆಯಲಾರದೆ ಇವರು ಗಂಟಲು ಸರಿಮಾಡಿಕೊಂಡರು. ಆರು ಜನ ತಿರುಗಿ ನೋಡಿದರು.

"ಅಜ್ಜಾ, ನಾಳೆ ಅಲ್ಲಿ ಏನ್ ಮಾಡ್ತೀರಿ?" ಸ್ನೇಹಲ್ ಪಾಠ ಒಪ್ಪಿಸಿಕೊಳ್ಳುವವಳಂತೆ ಪಿಸುಗುಟ್ಟಿದಳು.

"ಸ್ಮೈಲ್."

"ಔರ್?"

"ಹುಂಜಕ್ಕೆ ಎಷ್ಟು ಕೊಟ್ಟಿರಿ ಅಂತ ಕೇಳೋದಿಲ್ಲ. ಯಾವ ವಾರ ಗೆಲ್ತದೆ ಅಂತ ಹೇಳೋದಿಲ್ಲ. ತೊಡೆ ಒತ್ತಿ ನೋಡೋದಿಲ್ಲ."

"ವೆರಿ ಗುಡ್." ಆಮೇಲೆ ನನ್ನ ಕಡೆ ಬಾಗಿ, "ಈ ತಿಂಗಳು ಅವರು ಹಾಂ ಹೇಳದಿದ್ದರೆ ಪ್ರೊಫೆಸರು ನನ್ನ ಸಬ್ಜೆಕ್ಟ್ ಬದಲಿಸ್ತಾರೆ, ಅಜ್ಜಿ. ಬ್ರಾಯ್ಲರ್ ಕೊಡ್ತಾರೆ. ಆಖೀ ಜಿಂದಗೀ ಬ್ರಾಯ್ಲರ್!" ಎಂದಳು. ನಗಿಸುವಂತೆಯೇ ಹೇಳಿದಳು, ಆದರೆ ಕಣ್ಣಿನ ಅಂಚು ಕೆಂಪಗಿತ್ತು.

ಒಕಾಮುರಾ ಅವರ ಅಂಗಳ

ಊರ ಹೊರಗೆ, ಗದ್ದೆಗಳ ನಡುವೆ ಒಂದು ತಗ್ಗಿನ ಮನೆ. ಒಕಾಮುರಾ ನನ್ನಷ್ಟೇ ಗಿಡ್ಡ, ಒಣಗಿದ ಶುಂಠಿಯಂಥ ಆಳು. ಬಾಗಿಲಲ್ಲಿ ಬಾಗಿ ನಿಂತರು. ನಮ್ಮವರು ಕೈಮುಗಿದರು. ಅವರು ಇನ್ನೂ ಬಾಗಿದರು, ಇವರು ಇನ್ನೂ ಎತ್ತಿ ಮುಗಿದರು. ನಾನು ಮಧ್ಯೆ ಬಾರದಿದ್ದರೆ ಸಂಜೆವರೆಗೂ ನಡೆಯುತ್ತಿತ್ತು.

"ಒಳ್ಳೇ ಗತ್ತಿನ ಮನುಷ್ಯ. ಒಕಾಮುರಾ ಶೆಟ್ರು!" ಎಂದರು ಇವರು ನನ್ನ ಕಿವಿಯಲ್ಲಿ. ಹುಂಜ ಸಾಕಿದ ಗೌರವಸ್ಥರೆಲ್ಲ ಇವರ ಲೆಕ್ಕದಲ್ಲಿ ಶೆಟ್ರೇ.

ಹುಂಜ ಇದ್ದದ್ದು ಒಂದು ಮರದ ಪೆಟ್ಟಿಗೆಯಲ್ಲಿ. ನಮ್ಮ ಗೋದ್ರೆಜ್ ಕಪಾಟಿನಷ್ಟು ಎತ್ತರ, ಆದರೆ ಅದರ ಅರ್ಧದಷ್ಟೂ ಅಗಲವಿಲ್ಲ. ಮೇಲುಗಡೆ ಒಂದು ಅಡ್ಡಕೋಲು. ಅದರ ಮೇಲೆ ಹುಂಜ ಹಗಲೂ ರಾತ್ರಿ ನಿಂತಿರುತ್ತದೆ. ಬಾಲ ಹಿಂದೆ ಇಳಿದು, ಸುತ್ತಿಕೊಂಡು, ನೂಲಿನ ಲಡಿಯ ಹಾಗೆ ತೂಗುತ್ತದೆ. ತಿರುಗಲು ಜಾಗವಿಲ್ಲ. ತಿರುಗಿದರೆ ಗರಿ ಮುರಿಯುತ್ತದೆಯಲ್ಲ. ಒಂಬತ್ತು ನಲವತ್ತರ ಫಾಸ್ಟ್ ಲೋಕಲ್ಲಿನಲ್ಲಿ ಇಪ್ಪತ್ತು ವರ್ಷ ದಾದರದವರೆಗೆ ನಿಂತು ಆಫೀಸಿಗೆ ಹೋಗಿ ಬಂದವಳಿಗೆ ಆ ನಿಲುವಿನ ಪರಿಚಯ ಚೆನ್ನಾಗಿಯೇ ಇತ್ತು. ಆದರೆ ನಾನು ಸಂಜೆ ಇಳಿಯುತ್ತಿದ್ದೆ.

ಈ ಬಾಲದ ಹುಟ್ಟಿನ ಕಥೆಯನ್ನು ಒಕಾಮುರಾ ಹೇಳಿದರು, ಸ್ನೇಹಲ್ ನಮಗೆ ದಾಟಿಸಿದಳು. ಹಿಂದೆ ಅಲ್ಲಿಯ ದೊರೆ ರಾಜಧಾನಿಗೆ ಮೆರವಣಿಗೆ ಹೋಗುವಾಗ ಈಟಿಗಳ ತುದಿಗೆ ಉದ್ದ ಗರಿ ಕಟ್ಟುತ್ತಿದ್ದರಂತೆ. ಗರಿ ಉದ್ದವಾದಷ್ಟೂ ದೊರೆಗೆ ಖುಷಿ. ಅದಕ್ಕೆ ರೈತರು ಉದ್ದ ಬಾಲದ್ದನ್ನೇ ಆರಿಸಿ ಆರಿಸಿ ಮರಿ ಮಾಡಿಸಿದರು. ದೊರೆ ಹೋದ, ಈಟಿ ಹೋಯಿತು, ಬಾಲ ಮಾತ್ರ ನಿಲ್ಲಲಿಲ್ಲ.

"ನಮ್ಮ ಕಳಂಬೋಲಿಯಲ್ಲಿ ಸರಳಿನ ಲಾರಿಗೆ ಹಿಂದೆ ಕೆಂಪು ಬಟ್ಟೆ ಕಟ್ತಾರಲ್ಲ, ಇದಕ್ಕೂ ಒಂದು ಕಟ್ಟಬೇಕು" ಎಂದರು ಇವರು. ಸ್ನೇಹಲ್ ಅನುವಾದ ಮಾಡಲಿಲ್ಲ.

ನಿಜ ಹೇಳುತ್ತೇನೆ, ನನಗೆ ನಗು ಬರಲಿಲ್ಲ. ನನಗೂ ಮದುವೆಯಾದಾಗ ಮೊಣಕಾಲು ಮುಟ್ಟುವ ಜಡೆಯಿತ್ತು. ಕಾನ್ವೆಂಟಿನಲ್ಲಿ ಅದನ್ನು ಎರಡು ಮಾಡಿ ರಿಬ್ಬನ್ ಬಿಗಿದರು, ಅಮ್ಮ ಭಾನುವಾರವೆಲ್ಲ ಅದಕ್ಕೇ ಎಣ್ಣೆ ಹಾಕುತ್ತ ಕೂತಳು, ಬಂದ ನೆಂಟರು ಮುಖಕ್ಕಿಂತ ಮೊದಲು ಅದನ್ನೇ ನೋಡಿದರು. ಡೊಂಬಿವಲಿಗೆ ಬಂದ ಎರಡನೆಯ ವರ್ಷ ಲೋಕಲ್ಲಿನ ನೂಕುನುಗ್ಗಲಿನಲ್ಲಿ ನಾನು ಇಳಿದೆ, ಜಡೆ ಇನ್ಯಾರದೋ ಚೀಲಕ್ಕೆ ಸಿಕ್ಕಿ ಡಬ್ಬಿಯೊಳಗೇ ಉಳಿಯಿತು. ಯಾರೋ ಒಬ್ಬಳು ಪುಣ್ಯಾತ್ಗಿತ್ತಿ ಕೂಗಿ ಬಿಡಿಸಿದಳು. ಮರುದಿನವೇ ಪಾರ್ಲರಿಗೆ ಹೋಗಿ ಕತ್ತರಿಸಿಕೊಂಡೆ. ಅಮ್ಮ ಒಂದು ವಾರ ಪತ್ರ ಬರೆಯಲಿಲ್ಲ. ಕನ್ನಡಿಯಲ್ಲಿ ಕಂಡ ಹಗುರ ಹೆಂಗಸನ್ನು ನಾನು ಒಂದು ವಾರ ಪ್ರೀತಿಸಿದೆ, ಆಮೇಲೆ ಜಡೆಗಾಗಿ ಅತ್ತೆ. ಈ ಹುಂಜಕ್ಕೆ ಕೇಳಿದರೆ ಏನು ಹೇಳುತ್ತಿತ್ತೋ.

ದಿನಕ್ಕೊಮ್ಮೆ ಅದನ್ನು ಅಂಗಳದಲ್ಲಿ ನಡೆಸುವುದು ರೂಢಿ. ಮುಂದೆ ಹುಂಜ, ಹಿಂದೆ ಬಾಲ ಹಿಡಿದುಕೊಂಡ ಒಬ್ಬರು. ಚರ್ಚ್ ಮದುವೆಗಳಲ್ಲಿ ಮದುಮಗಳ ಗೌನಿನ ತುದಿ ಹಿಡಿದು ಬರುತ್ತಾರಲ್ಲ, ಹಾಗೆ. ಅತಿಥಿಗೆ ಮರ್ಯಾದೆ ಎಂದು ಒಕಾಮುರಾ ಬಾಲವನ್ನು ನನ್ನ ಎರಡೂ ಅಂಗೈ ಮೇಲೆ ಹಾಸಿದರು. ತೂಕವೇ ಇರಲಿಲ್ಲ. ಹುಂಜ ಹೆಜ್ಜೆಯಿಟ್ಟಿತು, ನಾನೂ ಇಟ್ಟೆ. ಅದು ನಿಂತಿತು, ನಿಂತೆ. ಬಿಳಿ ಕುತ್ತಿಗೆ, ಕಪ್ಪು ಎದೆ, ಬಾಲದಲ್ಲಿ ಎರಡೂ ಕಲಸಿದ ಬೆಳ್ಳಿ. "ಬೊಳ್ಳೆಯೂ ಅಲ್ಲ, ಕಕ್ಕೆಯೂ ಅಲ್ಲ" ಎಂದು ಇವರು ತಮ್ಮ ಪಂಚಾಂಗ ತಿರುವುತ್ತ ಪಕ್ಕದಲ್ಲೇ ಬಂದರು.

ಅಂಗಳದ ಮೂಲೆಯಲ್ಲಿ ಒಂದು ಕಲ್ಲಿನ ದೋಣಿಯಲ್ಲಿ ನೀರು. ಅದರ ಪಕ್ಕ ಹುಂಜ ನಿಂತಿತು. ಆಗ ಇವರು, ಅರವತ್ತು ವರ್ಷಗಳ ಅಭ್ಯಾಸದ ಮನುಷ್ಯ, ಏನನ್ನೂ ಯೋಚಿಸದೆ ನೀರಿಗೆ ಬೆರಳದ್ದಿ ಹುಂಜದ ತಲೆಯ ಮೇಲೆ ಚಿಮುಕಿಸಿಬಿಟ್ಟರು.

"ಅಜ್ಜಾ! ನಕೋ!" ಸ್ನೇಹಲ್ ಕಿರುಚಿದಳು.

ಹುಂಜ ಒಮ್ಮೆ ತಲೆಯಿಂದ ಬುಡದವರೆಗೆ ಮೈ ಕೊಡವಿತು. ಆ ಕೊಡವು ಒಂಬತ್ತು ಮೀಟರ್ ಉದ್ದಕ್ಕೂ ಅಲೆಯಾಗಿ ಬಂದು ನನ್ನ ಅಂಗೈಯಲ್ಲಿ ನಿಂತಿತು. ಒಂದು ಗರಿಯೂ ಬೀಳಲಿಲ್ಲ.

ಒಕಾಮುರಾ ಬೈಯಲಿಲ್ಲ. ಏಕೆ ಹಾಗೆ ಮಾಡಿದಿರಿ ಎಂದು ಕೇಳಿದರು, ಅಷ್ಟೇ. ಇವರು ಖುಷಿಯಿಂದಲೇ, "ನಮ್ಮಲ್ಲಿ ಹುಂಜವನ್ನು ಒಂದು ಮಾತು ಕೇಳಿಯೇ ಮುಂದುವರಿಯೋದು, ಶೆಟ್ರೆ. ನೀರು ಹಾಕಿದಾಗ ತಲೆ ಕೊಡವಿದರೆ ಒಪ್ಪಿಗೆ ಅಂತ ಲೆಕ್ಕ" ಎಂದರು. ಸ್ನೇಹಲ್ ಅದನ್ನು ಜಪಾನಿಯಲ್ಲಿ ಹೇಳಿದಳು. ಮುದುಕರ ಮುಖ ಅರಳಿತು. ಹುಂಜವನ್ನು ಮಾತು ಕೇಳುವ ಜನ! ಅವರು ಇನ್ನೊಂದು ಪ್ರಶ್ನೆ ಕೇಳಿದರು. ಸ್ನೇಹಲಳ ಮುಖದ ಬಣ್ಣ ಹೋಯಿತು.

"ಕ್ಯಾ ಪೂಛಾ?" ಎಂದೆ.

"ಏನಕ್ಕೆ ಒಪ್ಪಿಗೆ ಅಂತ."

ದೈವಕ್ಕೆ ಒಪ್ಪಿಸುವ ಹುಂಜವನ್ನು ಕೇಳುವ ಮಾತು ಅದು. ಆಮೇಲೆ ಏನಾಗುತ್ತದೆಂದು ನಮಗೆ ಮೂವರಿಗೂ ಗೊತ್ತು. ಸ್ನೇಹಲ್ ನನ್ನನ್ನು ನೋಡಿದಳು, ನಾನು ಇವರನ್ನು, ಇವರು ನೆಲವನ್ನು. "ಆಶೀರ್ವಾದ ಅಂತ ಬೋಲ್ ದೂಂ ಕ್ಯಾ?" ಎಂದು ಅವಳು ಹಲ್ಲು ಕಚ್ಚಿ ಕೇಳಿದಳು.

ಬಾಲ ಇನ್ನೂ ನನ್ನ ಕೈಯಲ್ಲಿತ್ತು. ಕೈಯಲ್ಲಿ ಒಬ್ಬರ ಹನ್ನೊಂದು ವರ್ಷ ಹಿಡಿದುಕೊಂಡು ಅವರೆದುರಿಗೆ ಸುಳ್ಳು ಹೇಳುವುದು ಕಷ್ಟ. "ಟು ಬಿ ಈಟನ್" ಎಂದೆ ನಾನೇ, ಇಂಗ್ಲಿಷಿನಲ್ಲಿ. ಅರ್ಥವಾಗಲಿಲ್ಲವೇನೋ ಎಂದು, "ಈಟ್. ವಿತ್ ರೊಟ್ಟಿ" ಎಂದೂ ಸೇರಿಸಿದೆ.

ಈಟ್ ಎಂಬ ಶಬ್ದ ಒಕಾಮುರಾ ಅವರಿಗೆ ಗೊತ್ತಿತ್ತು. ಬಾಲವನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡರು. ಸುರುಳಿ ಸುತ್ತಿ, ಹುಂಜವನ್ನು ಎತ್ತಿ ಪೆಟ್ಟಿಗೆಯೊಳಗೆ ನಿಲ್ಲಿಸಿ, ಬಾಗಿಲು ಹಾಕಿದರು. ಆಮೇಲೆ ನಮಗೆ ಚಹಾ ಕೊಟ್ಟರು. ಹಸಿರು, ಕಹಿ.

"ಸಂಪಲಂ. ಸಗಳಂ ಸಂಪಲಂ" ಎಂದಳು ಸ್ನೇಹಲ್ ರಸ್ತೆಗೆ ಬಂದ ಮೇಲೆ. ಎಲ್ಲ ಮುಗಿಯಿತು ಎಂದು. ಮರಾಠಿಯಲ್ಲಿ.

ಕೋಳಿಗಳ ಪಾರ್ಕು

ಮರುದಿನ ಅವಳು ನಮ್ಮೊಡನೆ ಮಾತಾಡಲಿಲ್ಲ, ಆದರೆ ಕರ್ತವ್ಯವೆಂಬಂತೆ ಊರ ಪಾರ್ಕಿಗೆ ಕರೆದೊಯ್ದಳು. ಅಲ್ಲಿ ಬಲೆಯ ಮನೆಗಳಲ್ಲಿ ಅಪರೂಪದ ಕೋಳಿಗಳು. ಒಂದರ ಮೈಮೇಲೆ ಗರಿಯೇ ಇಲ್ಲ, ಬೆಕ್ಕಿನ ಹಾಗೆ ಬಿಳಿ ತುಪ್ಪಳ, ಒಳಗೆ ಕಪ್ಪು ಚರ್ಮ, ಕಾಲಿಗೆ ಐದು ಬೆರಳು. ಭಿವಂಡಿಯ ಪವರ್‌ಲೂಮಿನ ಮೂಲೆಯಲ್ಲಿ ಹತ್ತಿಯ ಚೂರು ಗುಡ್ಡೆ ಬಿದ್ದಿರುತ್ತದಲ್ಲ, ಅದಕ್ಕೆ ಕಣ್ಣು ಮೂಡಿದಂತಿತ್ತು. ಇನ್ನೊಂದರ ಗರಿಗಳೆಲ್ಲ ತಲೆಯ ಕಡೆಗೆ ಸುರುಳಿ, ಪರ್ಮ್ ಮಾಡಿಸಿಕೊಂಡು ಮಳೆಗೆ ಸಿಕ್ಕ ನಮ್ಮ ಮಗಳ ಶಾಲೆಯ ಪ್ರಿನ್ಸಿಪಾಲರ ಹಾಗೆ. ಮೂರನೆಯದು ಕೂಗಲು ಶುರುಮಾಡಿತು. ಕೂಗಿತು, ಕೂಗಿತು, ಕೂಗುತ್ತಲೇ ಇತ್ತು.

"ಇದೆಂತ ಮಾರಾಯ್ತಿ, ಉಸಿರು ತೆಗೀತದಾ ಇಲ್ಲವಾ?" ಎಂದು ಇವರು ತಾವೇ ಉಸಿರು ಕಟ್ಟಿ ನಿಂತರು. ಹುಂಜಕ್ಕಿಂತ ಮೊದಲು ಇವರು ಬಿಟ್ಟರು.

ಸ್ನೇಹಲ್ ನಕ್ಕುಬಿಟ್ಟಳು. ಅದು ಸಾಕಾಯಿತು. ತುಪ್ಪಳದ ಕೋಳಿಯ ವಿದ್ಯೆ ಹೇಳಿದಳು. ಗರಿಯ ಎಳೆಗಳು ಒಂದಕ್ಕೊಂದು ಸಣ್ಣ ಕೊಕ್ಕೆ ಹಾಕಿ ಹಿಡಿದುಕೊಂಡಿರುತ್ತವಂತೆ, ಇದಕ್ಕೆ ಆ ಕೊಕ್ಕೆಯಿಲ್ಲ. ಆಮೇಲೆ ಹಳದಿ ಕಾಲಿನ ಸಾದಾ ಹೇಂಟೆಯೊಂದನ್ನು ತೋರಿಸಿ, "ಅಜ್ಜಾ, ಕೋಳಿಗಳ ಮೂಲ ಏಷ್ಯಾದ ಕೆಂಪು ಕಾಡುಕೋಳಿ. ಪರ್ ಯೇ ಪೀಲಾ ಕಲರ್ ಹೈ ನಾ, ಇದು ನಿಮ್ಮ ಕಡೆಯದು. ಘಟ್ಟದ ಬೂದು ಕಾಡುಕೋಳಿಯಿಂದ ಬಂದದ್ದು" ಎಂದಳು.

ಇವರು ಬೆನ್ನು ನೆಟ್ಟಗೆ ಮಾಡಿದರು. "ಹಾಗಾದ್ರೆ ಇವರು ನಮ್ಮ ಸಂಬಂಧಿಕರೇ!" ಎಂದು ಹೇಂಟೆಗೆ ಕೈಮುಗಿದರು. ಅದು ಬೆನ್ನು ತಿರುಗಿಸಿತು.

"ಸಾರಿ ಮಗಾ" ಎಂದರು ಆಮೇಲೆ, ಬೆಂಚಿನ ಮೇಲೆ ಕುಳಿತು, ಅವಳ ಮುಖ ನೋಡದೆ. "ಬೆರಳು ತನ್ನಷ್ಟಕ್ಕೆ ಹೋಯ್ತು."

"ಪತಾ ಹೈ" ಎಂದಳು ಅವಳು. "ಆದರೆ ಅಜ್ಜಿಗೆ ಏನಾಗಿತ್ತು? ಈಟ್! ವಿತ್ ರೊಟ್ಟಿ!"

ಅಷ್ಟರಲ್ಲಿ ಅವಳ ಫೋನು ರಿಂಗಾಯಿತು. ಒಕಾಮುರಾ. ನಾಳೆ ಬೆಳಗ್ಗೆ ಬನ್ನಿ, ರಕ್ತ ತೆಗೆಯುವ ಸಾಮಾನೂ ತನ್ನಿ ಎಂದರಂತೆ. ಹೂಂ ಎಂದರಾ ಎಂದು ಕೇಳಿದೆ. "ಪತಾ ನಹೀ, ಅಜ್ಜಿ. ಹೂಂ ಅನ್ನಲಿಲ್ಲ. ಬನ್ನಿ ಅಂದರು."

ಮತ್ತೆ ಅಂಗಳಕ್ಕೆ

ಈ ಸಲ ಒಕಾಮುರಾ ಕೋಟು ತೊಟ್ಟಿದ್ದರು. ಹುಂಜ ಪೆಟ್ಟಿಗೆಯ ಹೊರಗೆ, ಒಂದು ಎತ್ತರದ ಅಡ್ಡಕೋಲಿನ ಮೇಲೆ ನಿಂತಿತ್ತು. ಬಾಲ ಚಾಪೆಯ ಮೇಲೆ ನದಿಯಂತೆ ಹಾಸಿತ್ತು. ಪಕ್ಕದಲ್ಲಿ ಒಂದು ಪಿಂಗಾಣಿ ಬಟ್ಟಲು, ಅದರಲ್ಲಿ ನೀರು.

ಒಕಾಮುರಾ ಮೆಲ್ಲಗೆ ಮಾತಾಡಿದರು. ಸ್ನೇಹಲ್ ತುಂಡು ತುಂಡಾಗಿ ನಮಗೆ ಹೇಳಿದಳು.

"ನಾನು ಇದಕ್ಕೆ ಅನ್ನ ಹಾಕಿದ್ದೇನೆ, ಬಾಲ ತೊಳೆದಿದ್ದೇನೆ ಅಂತಾರೆ. ಆದರೆ ಹನ್ನೊಂದು ವರ್ಷದಲ್ಲಿ ಒಂದು ಮಾತೂ ಕೇಳಿಲ್ಲ ಅಂತಾರೆ. ನೀವು ತಿನ್ನೋರು ಕೂಡ ಕೇಳ್ತೀರಿ. ನಾನು ಕೇಳಲಿಲ್ಲ..." ಅವಳ ದನಿ ಸಣ್ಣದಾಯಿತು. "ಇವತ್ತು ಕೇಳ್ತಾರಂತೆ. ತಲೆ ಕೊಡವಿದರೆ ರಕ್ತ ತಗೋಬಹುದು. ಇಲ್ಲದಿದ್ದರೆ ಇಲ್ಲ. ಒಂದೇ ಸಲ."

ಇವರು ನನ್ನ ಕಡೆ ನೋಡಿದರು. ಊರಿನಲ್ಲಿ ಒಂದೇ ಸಲ ಎಂಬುದಿಲ್ಲ. ಕೊಡವದಿದ್ದರೆ ಇನ್ನೊಮ್ಮೆ ಚಿಮುಕಿಸುತ್ತಾರೆ, ಕಿವಿಗೆ ಉಫ್ ಎಂದು ಊದುತ್ತಾರೆ, ತಪ್ಪಾಗಿದ್ದರೆ ಕ್ಷಮಿಸು ಸ್ವಾಮಿ ಎನ್ನುತ್ತಾರೆ, ಮತ್ತೆ ಚಿಮುಕಿಸುತ್ತಾರೆ. ಕೊನೆಗೆ ಯಾವ ಹುಂಜವೂ ಒಪ್ಪದೆ ಉಳಿದದ್ದಿಲ್ಲ. ಅದನ್ನು ಒಕಾಮುರಾ ಅವರಿಗೆ ಯಾರು ಹೇಳಬೇಕು?

ಅವರು ಮೂರು ಬೆರಳು ಅದ್ದಿ, ಹೂವಿನ ಮೇಲೆ ಹಾಕುವಂತೆ ಹಾಕಿದರು. ಹನಿಗಳು ಕೆಂಪು ಜುಟ್ಟಿನ ಮೇಲೆ ಬಿದ್ದವು. ಹುಂಜ ಒಂದು ಕಣ್ಣು ಮುಚ್ಚಿತು. ತೆರೆಯಿತು.

ನಾವು ಕಾದೆವು. ದೂರದಲ್ಲಿ ಯಾರೋ ಟ್ರ್ಯಾಕ್ಟರ್ ಶುರುಮಾಡಿದರು, ನಿಲ್ಲಿಸಿದರು. ಇವರ ತುಟಿ ಅಲ್ಲಾಡುತ್ತಿತ್ತು. ತುಳುವಿನಲ್ಲಿ ಹುಂಜವನ್ನು ಬೇಡಿಕೊಳ್ಳುತ್ತಿದ್ದರೋ, ಬೈಯುತ್ತಿದ್ದರೋ. ಸ್ನೇಹಲ್ ಸೂಜಿ, ಸೀಸೆಗಳ ಡಬ್ಬಿಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಅವಳು ಮೂರು ವರ್ಷದವಳಿದ್ದಾಗ ಸ್ಕೂಲಿನ ಬಸ್ಸಿಗೆ ಕಾಯುತ್ತ ಹೀಗೇ ಟಿಫಿನ್ನಿನ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದಳು. ಹುಂಜ ಕಲ್ಲಿನಂತೆ ನಿಂತಿತ್ತು. ಹನ್ನೊಂದು ವರ್ಷ ಅದಕ್ಕೆ ಕಲಿಸಿದ್ದು ಅದೊಂದನ್ನೇ ತಾನೇ.

ಸ್ನೇಹಲ್ ಡಬ್ಬಿಯ ಚಿಲಕ ಮುಚ್ಚಿದಳು. ಜಪಾನಿಯಲ್ಲಿ ಏನೋ ಹೇಳಿ, ಸೊಂಟದವರೆಗೆ ಬಾಗಿದಳು. ಉತ್ತರವಾಗಿ ಒಕಾಮುರಾ ಬಾಗಿದರು. ಇಬ್ಬರನ್ನೂ ನೋಡಿ ನಮ್ಮವರೂ ಬಾಗಿದರು. ನನಗೆ ಬಾಗಲಾಗದು, ಸೊಂಟಕ್ಕೆ ಬೆಲ್ಟು. ಹೀಗಾಗಿ ಆ ಅಂಗಳದಲ್ಲಿ ತಲೆ ಎತ್ತಿ ನಿಂತಿದ್ದವರು ನಾವಿಬ್ಬರೇ, ನಾನು ಮತ್ತು ಹುಂಜ.

"ಇಟ್ ಶುಕ್!" ಎಂದೆ ನಾನು. "ಕೊಡವಿತು! ಈಗ! ಐ ಸಾ ಇಟ್!"

ಮೂರು ತಲೆಗಳು ಮೇಲೆದ್ದವು. ಇವರು ಎಲ್ಲರಿಗಿಂತ ಮುಂಚೆ ಎದ್ದು, ಹುಂಜದ ಹತ್ತಿರ ನುಗ್ಗಿ, "ಪಾಪ, ಶೀತ ಆದೀತು" ಎನ್ನುತ್ತ ಜೇಬಿನ ಕರ್ಚೀಫಿನಿಂದ ಅದರ ಜುಟ್ಟನ್ನು ಒರೆಸಿಬಿಟ್ಟರು. ಎಪ್ಪತ್ತು ದಾಟಿದ ಮನುಷ್ಯನಲ್ಲಿ ಅಷ್ಟು ಚುರುಕು ನಾನು ಕಂಡಿರಲಿಲ್ಲ.

ಒಕಾಮುರಾ ನನ್ನ ಎದುರು ಬಂದು ನಿಂತರು. ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಸ್ನೇಹಲಳಿಗೆ ಏನೋ ಹೇಳಿದರು.

"ಬೇರೆ ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲವಂತೆ" ಎಂದಳು ಅವಳು. "ಮೊನ್ನೆ ಈಟ್ ಅಂದವರು ಇವತ್ತು ಸುಳ್ಳು ಹೇಳೋದಿಲ್ಲ, ಅಂತಾರೆ."

ನಾನು ತಲೆ ತಗ್ಗಿಸಿದೆ. ಅವರು ಅದನ್ನು ವಿನಯವೆಂದುಕೊಂಡರು.

ರಕ್ತ ತೆಗೆಯುವುದು ಒಂದು ನಿಮಿಷದ ಕೆಲಸ. ರೆಕ್ಕೆಯ ಅಡಿಯಲ್ಲಿ ಸಣ್ಣ ಸೂಜಿ, ನಾಲ್ಕು ಹನಿ. ಒಕಾಮುರಾ ಆ ಹೊತ್ತೆಲ್ಲ ಹುಂಜದ ಕಿವಿಯ ಬಳಿ ಏನೋ ಹೇಳುತ್ತಲೇ ಇದ್ದರು. ಹುಂಜ ಕೊಕ್ಕು ತೆರೆಯಲಿಲ್ಲ. ಬಾಲದಲ್ಲಿ ಒಂದು ಎಳೆಯೂ ಅಲುಗಲಿಲ್ಲ.

ವಾಪಸು

ಬಸ್ಸಿನಲ್ಲಿ ಸ್ನೇಹಲ್ ನನ್ನ ಭುಜದ ಮೇಲೆ ತಲೆಯಿಟ್ಟು ನಿದ್ದೆಹೋದಳು. ತೊಡೆಯ ಮೇಲೆ ಒಸಾಕಾದ ಲ್ಯಾಬಿಗೆ ಒಯ್ಯುವ ರಕ್ತದ ಐಸಿನ ಡಬ್ಬಿ. ಅವಳ ಉಸಿರು ನಿಧಾನವಾದ ಮೇಲೆ ಇವರು ಮುಂದಿನ ಸೀಟಿನಿಂದ ತಿರುಗಿದರು.

"ತಲೆ ಕೊಡವಿತು ಅಂದಿಯಲ್ಲ."

"ಹೌದು."

"ಕರ್ಚೀಫು ಪೂರಾ ಒದ್ದೆ ಮಾರಾಯ್ತಿ. ಹಾಕಿದ ನೀರು ಹಾಕಿದ ಹಾಗೇ ಇತ್ತು."

ನಾನು ಕಿಟಕಿಯ ಹೊರಗೆ ನೋಡಿದೆ. ಸೇತುವೆಯ ಕೆಳಗೆ ಸಮುದ್ರ ಸುಳಿ ಸುಳಿಯಾಗಿ ತಿರುಗುತ್ತಿತ್ತು. ಇವರು ಸೀಟಿನ ಸಂದಿಯಿಂದ ಕೈ ಹಿಂದೆ ಚಾಚಿ ನನ್ನ ಬೆರಳು ಹಿಡಿದುಕೊಂಡರು. ಬಸ್ಸಿನ ತುಂಬ ಅಪರಿಚಿತರಿರುವಾಗ! ಐವತ್ತು ವರ್ಷದಲ್ಲಿ ಅಂಥ ಅಪರಾಧ ಅವರು ಮಾಡಿದ್ದಿಲ್ಲ.

ಆ ಹುಂಜ ಇಲ್ಲ ಎಂದಿತೋ, ಅಥವಾ ಪ್ರಶ್ನೆ ತನಗೇ ಕೇಳಿದ್ದೆಂದು ಅದಕ್ಕೆ ತಿಳಿಯಲೇ ಇಲ್ಲವೋ, ನಾನು ಈಗಲೂ ಕೆಲವು ಬೆಳಗ್ಗೆ ಯೋಚಿಸುತ್ತೇನೆ. ಅದರ ಬಾಯಿಂದ ಹೂಂ ಎನ್ನಿಸಿದವಳು ನಾನು. ಆ ನಾಲ್ಕು ಹನಿಯಿಂದ ಸ್ನೇಹಲಳಿಗೆ ಡಾಕ್ಟರೇಟ್ ಬಂತು. ಅವಳ ಥೀಸಿಸ್ಸಿನ ಮೊದಲ ಪುಟದಲ್ಲಿ ಒಕಾಮುರಾ ಅವರಿಗೂ ಹುಂಜಕ್ಕೂ ಥ್ಯಾಂಕ್ಸ್ ಇದೆ, ಮತ್ತು ಎಂದೂ ಸುಳ್ಳು ಹೇಳದ ಅಜ್ಜಿಗೆ ಎಂದು ಇನ್ನೊಂದು ಸಾಲು. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಹಾಗಾಗಿ ಎಲ್ಲಾದರೂ ಒಂದು ಕಡೆ ನಿಜ ಬರೆದಿಡಬೇಕು ಅನ್ನಿಸಿತು. ನಮ್ಮ ಹುಡುಗಿಗೆ ಜಪಾನಿನ ಮೂರು ಬಗೆಯ ಲಿಪಿಗಳು ನೀರು ಕುಡಿದಷ್ಟು ಸಲೀಸು. ಕನ್ನಡ ಅಕ್ಷರ ತೋರಿಸಿದರೆ ಮಾತ್ರ, "ಯೇ ತೋ ಜಿಲೇಬಿ ಹೈ, ಅಜ್ಜಿ" ಎನ್ನುತ್ತಾಳೆ. ಅದಕ್ಕೇ ಇದನ್ನು ಕನ್ನಡದಲ್ಲಿ ಬರೆದೆ. ನೀವು ನೆರೂಳಿನ ಕಡೆ ಹೋದರೆ ದಯವಿಟ್ಟು ಬಾಯಿ ಬಿಡಬೇಡಿ.